ಜಾನಿಸ್ ಜಾಪ್ಲಿನ್: ನಡುವೆ ಉಳಿದುಹೋದ ಆಲ್ಬಂ



ಜಾನಿಸ್ ಜಾಪ್ಲಿನ್ ಅಂದ ಕೂಡಲೆ ರಾಕ್ ಸಂಗೀತದ ಅಭಿಮಾನಿಗಳು ಎರಡು ಆಲ್ಬಂಗಳ ಹೆಸರು ಹೇಳುತ್ತಾರೆ: 1968ರ 'ಚೀಪ್ ಥ್ರಿಲ್ಸ್', ಆಕೆ ತೀರಿಕೊಂಡ ಮೇಲೆ 1971ರಲ್ಲಿ ಬಂದ 'ಪರ್ಲ್'. ಅಮೆರಿಕದ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಎರಡೂ ಮೊದಲ ಸ್ಥಾನಕ್ಕೇರಿದವು. ನಡುವೆ, 1969ರ ಸೆಪ್ಟೆಂಬರಿನಲ್ಲಿ, ಇನ್ನೊಂದು ಬಂದಿತ್ತು. ಹೆಸರು ಒಂದೇ ಉಸಿರಿಗೆ ಹೇಳಿ ಮುಗಿಯುವಂಥದ್ದಲ್ಲ: 'ಐ ಗಾಟ್ ಡೆಮ್ ಓಲ್ ಕಾಜ್ಮಿಕ್ ಬ್ಲೂಸ್ ಅಗೇನ್ ಮಾಮಾ!' ಮಾರಾಟಕ್ಕೇನೂ ಕೊರತೆಯಾಗಲಿಲ್ಲ, ಐದನೇ ಸ್ಥಾನದವರೆಗೂ ಹೋಯಿತು. ಆದರೂ ಅದನ್ನು ಎಡವಿದ ಹೆಜ್ಜೆ ಎಂದೇ ಎಷ್ಟೋ ಜನ ಬಗೆದರು. ನನ್ನ ಎಣಿಕೆ ಬೇರೆ. ಗಂಟಲು ಬಿಚ್ಚಿ ಹಾಡುವುದು ಆಕೆಗೆ ಮೊದಲೇ ಬರುತ್ತಿತ್ತು. ಎಲ್ಲಿ ತಗ್ಗಬೇಕೆಂಬುದು ಕೈವಶವಾದದ್ದು ಈ ಆಲ್ಬಮ್ಮಿನಲ್ಲಿ.

ಜಾನಿಸ್ ಹುಟ್ಟಿದ್ದು 1943ರಲ್ಲಿ, ಟೆಕ್ಸಾಸಿನ ಪೋರ್ಟ್ ಆರ್ಥರ್‌ನಲ್ಲಿ. ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳ ಊರು. ಆ ಬಿಳಿಯರ ಮನೆಯ ಹುಡುಗಿ ಕಿವಿಗೊಟ್ಟದ್ದು ಬೆಸ್ಸಿ ಸ್ಮಿತ್, ಲೆಡ್ ಬೆಲ್ಲಿ, ಒಡೆಟಾರಂಥ ಕಪ್ಪು ಗಾಯಕರ ಹಾಡಿಗೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ 'ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ' ಎಂಬ ಬ್ಯಾಂಡ್ ಸೇರಿದಳು. 1967ರ ಮಾಂಟೆರೆ ಸಂಗೀತ ಉತ್ಸವದ ಹೊತ್ತಿಗೆ ಹೆಸರಾದಳು. ಆ ಬ್ಯಾಂಡಿನದು ಗಿಟಾರುಗಳ ಅಬ್ಬರ. ಜಾನಿಸ್‌ಳ ಮನಸ್ಸು ಮಾತ್ರ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಕಡೆಗಿತ್ತು. 1966ರ ಕೊನೆಯಲ್ಲಿ ಫಿಲ್‌ಮೋರ್ ಸಭಾಂಗಣದಲ್ಲಿ ಅವನು ಹಾಡಿದಾಗ ವೇದಿಕೆಯ ಬುಡದಲ್ಲೇ ನಿಂತು ಕೇಳಿದವಳು ಆಕೆ. ಅವನ ಬೆನ್ನಿಗಿದ್ದಂಥ ಟ್ರಂಪೆಟ್ಟು, ಸ್ಯಾಕ್ಸೊಫೋನುಗಳು ತನಗೂ ಬೇಕೆನಿಸಿತು.

1968ರ ಡಿಸೆಂಬರ್ ಮೊದಲಲ್ಲಿ ಹಳೆಯ ಬ್ಯಾಂಡ್ ಬಿಟ್ಟಳು. ಗಿಟಾರ್ ನುಡಿಸುವ ಸ್ಯಾಮ್ ಆಂಡ್ರೂ ಒಬ್ಬ ಜೊತೆಗೆ ಬಂದ. ಮೂರೇ ವಾರಕ್ಕೆ, ಡಿಸೆಂಬರ್ 21ರಂದು, ಹೊಸಬರನ್ನು ಕಟ್ಟಿಕೊಂಡು ಹಾಡಲು ನಿಂತದ್ದು ಎಲ್ಲಿ ಅಂತೀರಿ? ಮೆಂಫಿಸ್‌ನಲ್ಲಿ, ಸೋಲ್ ಸಂಗೀತದ ತವರಾದ ಸ್ಟ್ಯಾಕ್ಸ್ ಕಂಪನಿಯ ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ. ಅಲ್ಲಿನ ಕಲಾವಿದರು ಹಾಡು, ಕುಣಿತ, ಉಡುಪು ಎಲ್ಲದರಲ್ಲೂ ಪಳಗಿದವರು. ಅವರ ಮುಂದೆ ಈ ಹೊಸ ತಂಡ ವೇದಿಕೆಗೆ ಬಂದು ವಾದ್ಯಗಳನ್ನು ಶ್ರುತಿ ಮಾಡುತ್ತಲೇ ಹೊತ್ತು ಕಳೆಯಿತು. ಸಭಿಕರು ತಣ್ಣಗೇ ಉಳಿದರು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ವಿಮರ್ಶಕ ರಾಲ್ಫ್ ಗ್ಲೀಸನ್, ಆಕೆ ಹಳೆಯ ಬ್ಯಾಂಡಿಗೇ ಮರಳುವುದು ಒಳ್ಳೆಯದು ಎಂಬರ್ಥದಲ್ಲಿ ಬರೆದ. ತನ್ನ ಊರಿನವನೇ ಹಾಗೆಂದರೆ ಹೇಗಿರಬೇಡ! ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಾತ್ರ ಜನ ಎದ್ದು ಕುಣಿದರು.

ಜೂನ್‌ನಲ್ಲಿ ಧ್ವನಿಮುದ್ರಣ. ನಿರ್ಮಾಪಕ ಗೇಬ್ರಿಯಲ್ ಮೆಕ್ಲರ್. ಎಂಟೇ ಹಾಡು. ಎಲ್ಲವೂ ಚಿನ್ನ ಅನ್ನಲಾರೆ. 'ಆ್ಯಸ್ ಗುಡ್ ಆ್ಯಸ್ ಯು ಹ್ಯಾವ್ ಬೀನ್ ಟು ದಿಸ್ ವರ್ಲ್ಡ್' ಹಾಡಿನಲ್ಲಿ ಆಕೆ ಬಾಯಿ ತೆರೆಯುವ ಹೊತ್ತಿಗೆ ನನ್ನ ತಾಳ್ಮೆ ಮುಗಿದಿರುತ್ತದೆ. 'ಟು ಲವ್ ಸಮ್‌ಬಡಿ' ಬೀ ಜೀಸ್ ತಂಡದ್ದು, ಓಟಿಸ್‌ಗಾಗಿಯೇ ಬರೆದದ್ದೆಂದು ಹೇಳುತ್ತಾರೆ. 1967ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ಅವನು ಸತ್ತ. ಅವನನ್ನು ಗುರುವಿನಂತೆ ಕಂಡವಳ ಬಾಯಲ್ಲಿ ಅದನ್ನು ಕೇಳುವಾಗ ಈ ಸಂಗತಿ ನೆನಪಿಗೆ ಬಾರದೆ ಇರದು.

'ಲಿಟ್ಲ್ ಗರ್ಲ್ ಬ್ಲೂ' ಕೇಳಿದವರು ಆಕೆಯನ್ನು ಬರೀ ಕಿರುಚುವವಳು ಅನ್ನಲಾರರು. ಅದು ರಾಜರ್ಸ್ ಮತ್ತು ಹಾರ್ಟ್ ಜೋಡಿ 1935ರ 'ಜಂಬೊ' ಎಂಬ ಸಂಗೀತ ನಾಟಕಕ್ಕೆ ಬರೆದ ಹಾಡು. ನೀನಾ ಸಿಮೋನ್ ಕೂಡ ಹಾಡಿದ್ದಾಳೆ. ಗಿಟಾರು ಸ್ವರಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಜಾನಿಸ್ ಹತ್ತಿರ ಕೂತು ಮಾತಾಡಿದಷ್ಟೇ ಮೆಲ್ಲಗೆ ಎತ್ತಿಕೊಳ್ಳುತ್ತಾಳೆ, ಸಾಲುಗಳ ನಡುವೆ ಗುನುಗುತ್ತಾಳೆ, ಮೂಲದಲ್ಲಿಲ್ಲದ ಮಾತನ್ನು ತಾನೇ ಸೇರಿಸಿ ಒಂಟಿ ಹುಡುಗಿಯನ್ನು ಸಂತೈಸುತ್ತಾಳೆ. ಕಂಠ ಒಡೆಯುವ ಜಾಗ ಬರುತ್ತದೆ, ಅಲ್ಲಿಂದ ಹಿಂದೆ ಸರಿಯುತ್ತಾಳೆ. ಹಾಗೆ ಸರಿಯುವುದು 'ಚೀಪ್ ಥ್ರಿಲ್ಸ್'ನಲ್ಲಿ ಅಪರೂಪ. ಆಕೆಯೂ ಮೆಕ್ಲರ್ರೂ ಸೇರಿ ಬರೆದ 'ಕಾಜ್ಮಿಕ್ ಬ್ಲೂಸ್' ಕೂಡ ಪಿಯಾನೊದಿಂದ ಶುರುವಾಗಿ ನಿಧಾನವಾಗಿ ಏರುತ್ತದೆ; ಟ್ರಂಪೆಟ್ಟು, ಸ್ಯಾಕ್ಸೊಫೋನು ಮೊಳಗುವ ಹೊತ್ತಿಗೆ ಕಂಠವೂ ಅಷ್ಟೆತ್ತರಕ್ಕೆ ಬಂದಿರುತ್ತದೆ.

ಈ ಬ್ಯಾಂಡು ಒಂದು ವರ್ಷ ಬಾಳಿತು. 1969ರ ಡಿಸೆಂಬರ್ 19ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೆಯ ಕಾರ್ಯಕ್ರಮ. ಇದರಲ್ಲಿದ್ದ ಗಿಟಾರಿನ ಜಾನ್ ಟಿಲ್, ಬೇಸ್ ಗಿಟಾರಿನ ಬ್ರಾಡ್ ಕ್ಯಾಂಬೆಲ್ ಇಬ್ಬರೂ 'ಪರ್ಲ್' ನುಡಿಸಿದ ತಂಡಕ್ಕೂ ಬಂದರು. ಈ ಆಲ್ಬಮ್ಮಿನ ಮೊದಲ ಹಾಡು 'ಟ್ರೈ' ಬರೆದವರಲ್ಲಿ ಒಬ್ಬನಾದ ಜೆರಿ ರ್‍ಯಾಗೊವಾಯ್‌ನ ಹಾಡುಗಳು 'ಪರ್ಲ್'ನಲ್ಲಿಯೂ ಇವೆ. 'ಪರ್ಲ್' ಆಕಾಶದಿಂದ ಉದುರಲಿಲ್ಲ, ಸ್ವಾಮಿ. ಅದು ಮುಗಿಯುವ ಮೊದಲೇ, 1970ರ ಅಕ್ಟೋಬರ್ 4ರಂದು, ಹಾಲಿವುಡ್‌ನ ಹೋಟೆಲ್ ಕೋಣೆಯಲ್ಲಿ ಜಾನಿಸ್ ತೀರಿಕೊಂಡಳು. ವಯಸ್ಸು 27.

ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿಯೂ ಆಕೆ ಹಾಡಿದ್ದು 'ಕಾಜ್ಮಿಕ್ ಬ್ಲೂಸ್' ಆಲ್ಬಮ್ಮಿನ ಈ ಬ್ಯಾಂಡಿನ ಜೊತೆಗೇ. ಆದರೆ ಆ ಉತ್ಸವವನ್ನು ಕುರಿತು 1970ರಲ್ಲಿ ಬಂದ ವುಡ್‌ಸ್ಟಾಕ್ ಚಿತ್ರದಲ್ಲಿ ಆಕೆಯ ಹಾಡೇ ಇರಲಿಲ್ಲ. ಈ ಆಲ್ಬಮ್ಮಿನ ಕೊನೆಯ ಹಾಡು 'ವರ್ಕ್ ಮಿ, ಲಾರ್ಡ್' ಆ ಚಿತ್ರಕ್ಕೆ ಸೇರಿದ್ದು 1994ರ ಆವೃತ್ತಿಯಲ್ಲಿ, 24 ವರ್ಷ ತಡವಾಗಿ.