ಪಾಡ್‌ಕಾಸ್ಟ್ ಪಠ್ಯ: ಮೈಸೂರಲ್ಲಿ ಸಮುದ್ರದ ಮೀನು ಸಾಕೋಕೆ ಯಾವ ಫಿಲ್ಟರ್?

 

ಈ ವಾರದ ವಿಷಯ ಒಂದು ವಾಯ್ಸ್ ನೋಟ್‌ನಿಂದ ಹುಟ್ಟಿದ್ದು. ಸರಸ್ವತಿಪುರಂನಿಂದ ಒಬ್ಬ ಇಂಜಿನಿಯರಿಂಗ್ ಹುಡುಗ ಕಳಿಸಿದ್ದಾನೆ. "ಅಣ್ಣ, ಮೂರಡಿ ಟ್ಯಾಂಕ್ ಇದೆ. ಹವಳ ಗಿವಳ ಬೇಡ, ಬರೀ ಉಪ್ಪುನೀರಿನ ಮೀನು ಇಡ್ಬೇಕು. ಅಂಗಡಿಯವರು ಕ್ಯಾನಿಸ್ಟರ್ ಫಿಲ್ಟರ್ ಹಾಕು, ಜೊತೆಗೆ ಯುವಿ ಹಾಕು, ಮುಂದಿನ ಭಾನುವಾರ ಬಂದು ಮೀನು ತಗೊಂಡು ಹೋಗು ಅಂತಾರೆ. ಇಂಟರ್ನ್‌ಶಿಪ್ ದುಡ್ಡು ಮೂವತ್ತು ಸಾವಿರ ಉಳಿಸಿದೀನಿ. ಹೋದ ಸಲದ ಗೋಲ್ಡ್‌ಫಿಶ್ ಥರ ಇವೂ ಸತ್ರೆ ಟ್ಯಾಂಕನ್ನ ಗುಜರಿಗೆ ಹಾಕ್ತೀನಿ ಅಂದಿದಾರೆ ಅಮ್ಮ. ಏನ್ ಮಾಡ್ಲಿ?"

ಮೊದಲ ಉತ್ತರ ಈಗಲೇ ಹೇಳಿಬಿಡ್ತೀನಿ. ಮುಂದಿನ ಭಾನುವಾರ ಮೀನು ತರಬೇಡ. ಅದರ ಮುಂದಿನ ಭಾನುವಾರವೂ ಬೇಡ. ಯಾಕೆ ಅನ್ನೋದಕ್ಕೆ ಬರ್ತೀನಿ.

ಬರೀ ಮೀನು ಅನ್ನೋ ನಿರ್ಧಾರ ಮಾತ್ರ ಸರಿಯಾಗಿದೆ. ನಮ್ಮ ದೇಶದಲ್ಲಿ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ. ಅದೇ ಪಟ್ಟಿಯಲ್ಲಿ ಕಡಲಕುದುರೆಯೂ ಇದೆ. ಹಾಗಾಗಿ ಯಾರಾದ್ರೂ ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನ "ಲೈವ್ ರಾಕ್, ಇದೇ ನ್ಯಾಚುರಲ್ ಫಿಲ್ಟರ್" ಅಂತ ಕೊಟ್ರೆ ತಗೋಬೇಡಿ. ಅದು ಮಾಡೋ ಕೆಲಸವನ್ನ ಸೆರಾಮಿಕ್ ಕಲ್ಲೂ ಮಾಡುತ್ತೆ, ಸ್ವಲ್ಪ ನಿಧಾನ ಅಷ್ಟೆ.

ಈಗ ಫಿಲ್ಟರ್ ಅಂದ್ರೇನು? ಕಸ ಸೋಸೋ ಜರಡಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕಸ ಕಣ್ಣಿಗೆ ಕಾಣುತ್ತೆ, ಆದರೆ ಮೀನನ್ನ ಸಾಯಿಸೋದು ಕಣ್ಣಿಗೆ ಕಾಣದ ಅಮೋನಿಯಾ. ಮೀನು ಅದನ್ನ ಮುಖ್ಯವಾಗಿ ಕಿವಿರಿನಿಂದಲೇ ಹೊರಗೆ ಬಿಡುತ್ತೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಷ್ಟೊಂದು ವಿಷ ಅಲ್ಲ, ನೀರು ಬದಲಾಯಿಸಿದ್ರೆ ಹೋಗುತ್ತೆ. ಈ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳೋಕೆ ಜಾಗ ಬೇಕು, ಆಮ್ಲಜನಕ ಬೇಕು, ನಾಲ್ಕರಿಂದ ಆರು ವಾರ ಸಮಯ ಬೇಕು. ಭಾನುವಾರ ಬೇಡ ಅಂದಿದ್ದು ಅದಕ್ಕೇ. ಅಲ್ಲೀವರೆಗೆ ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯೋಕೆ ಬಿಡಿ, ವಾರಕ್ಕೆರಡು ಸಲ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಇದೆ ಅಂದಾಗ ಮೀನು.

ಗೋಲ್ಡ್‌ಫಿಶ್ ಟ್ಯಾಂಕಲ್ಲಿ ಇದೆಲ್ಲ ಮಾಡಿರಲಿಲ್ಲವಲ್ಲ ಅಂತೀರಿ. ಸಿಹಿನೀರಲ್ಲಿ ಪಿಎಚ್ 7ರ ಹತ್ತಿರ ಇರುತ್ತೆ. ಅಲ್ಲಿ ಅಮೋನಿಯಾದ ಶೇಕಡ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷದ ರೂಪದಲ್ಲಿರುತ್ತೆ. ಸಮುದ್ರದ ನೀರಿನ ಪಿಎಚ್ 8.2ರ ಸುತ್ತಮುತ್ತ. ಅಲ್ಲಿ ಆ ಭಾಗ ಹಲವು ಪಟ್ಟು ಜಾಸ್ತಿ. ಅಂದ್ರೆ ಅಷ್ಟೇ ಹೊಲಸು, ಆದ್ರೆ ಹೆಚ್ಚು ವಿಷ.

ಇನ್ನೊಂದು ವಿಷಯ ಇದೆ, ಇದು ಮೈಸೂರಿನವರಿಗೇ ವಿಶೇಷ. ಉಪ್ಪುನೀರಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಹಿಡಿದ್ರೆ, ಸಮುದ್ರದ ನೀರು ಹಿಡಿಯೋದು 6.7ರಷ್ಟು. ಅದೂ ಸಮುದ್ರ ಮಟ್ಟದಲ್ಲಿ. ನಾವಿರೋದು ಸುಮಾರು 770 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡವೇ ಇಲ್ಲಿ ಶೇಕಡ 8–9ರಷ್ಟು ಕಡಿಮೆ. ಹಾಗಾಗಿ ಮಂಗಳೂರಲ್ಲಿ ನಡೆಯೋ ಟ್ಯಾಂಕ್ ಹಾಗೇ ಎತ್ಕೊಂಡು ಬಂದು ಕುವೆಂಪುನಗರದಲ್ಲಿಟ್ರೆ ಅದರಲ್ಲಿ ಉಸಿರು ಇನ್ನೂ ಸ್ವಲ್ಪ ಕಮ್ಮಿ. ಏಪ್ರಿಲ್ ಬಿಸಿಲಿಗೆ ನೀರು ಕಾದ್ರೆ ಮತ್ತೂ ಕಮ್ಮಿ. ನೀವು ಆರಿಸೋ ಫಿಲ್ಟರ್ ನೀರನ್ನ ಸೋಸಿದ್ರೆ ಸಾಲದು, ಗಾಳಿ ಕುಡಿಸಲೇಬೇಕು.

ಈ ಒಂದೇ ಮಾತಿಗೆ ಕ್ಯಾನಿಸ್ಟರ್ ನನಗೆ ಇಷ್ಟ ಇಲ್ಲ. ಅದು ಮುಚ್ಚಿದ ಡಬ್ಬ. ಒಳಗಿರೋ ಬ್ಯಾಕ್ಟೀರಿಯಾ, ಹರಿದು ಬರೋ ನೀರಲ್ಲಿರೋ ಆಮ್ಲಜನಕದಲ್ಲೇ ಬದುಕಬೇಕು. ಮಧ್ಯಾಹ್ನ ಲೈನ್ ಕೆಲಸ ಅಂತ ಕರೆಂಟ್ ತೆಗೆದ್ರು ಅಂದುಕೊಳ್ಳಿ. ನೀರು ನಿಂತುಹೋಯ್ತು. ಕೆಲವೇ ಗಂಟೆಯಲ್ಲಿ ಡಬ್ಬದೊಳಗೆ ಆಮ್ಲಜನಕ ಖಾಲಿ, ಬ್ಯಾಕ್ಟೀರಿಯಾ ಸಾಯೋಕೆ ಶುರು, ನೀರು ಕೊಳೆಯೋಕೆ ಶುರು. ಸಂಜೆ ಕರೆಂಟ್ ಬಂದಾಗ ಆ ಕೊಳೆತ ನೀರು ಸೀದಾ ಮೀನಿನ ಮೇಲೆ. ಮನೇಲಿ ಯಾರೂ ಇರಲ್ಲ, ನೀವು ಕಾಲೇಜಲ್ಲಿ. ಸಿಹಿನೀರಿಗೆ ಕ್ಯಾನಿಸ್ಟರ್ ಒಳ್ಳೆ ವಸ್ತುವೇ, ನಾನು ಬೈತಾ ಇಲ್ಲ. ಉಪ್ಪುನೀರಿಗೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ ಅಂತಿದ್ದೀನಿ.

ಹಾಗಾದ್ರೆ ಏನು ಬೇಕು? ಸಂಪ್ ಮತ್ತು ಸ್ಕಿಮ್ಮರ್.

ಸಂಪ್ ಅಂದ ತಕ್ಷಣ ನಮ್ಮೂರವರಿಗೆ ಅರ್ಧ ಪಾಠ ಮುಗೀತು. ಮನೆ ಕೆಳಗೆ ಸಂಪ್, ಮೇಲೆ ಟ್ಯಾಂಕ್, ನಡುವೆ ಮೋಟರ್. ಇಲ್ಲೂ ಅದೇ. ಮೀನಿರೋ ಟ್ಯಾಂಕಿಂದ ನೀರು ತುಂಬಿ ಪೈಪಲ್ಲಿ ಕೆಳಗಿನ ಗಾಜಿನ ತೊಟ್ಟಿಗೆ ಬೀಳುತ್ತೆ, ಅಲ್ಲಿಂದ ಪಂಪ್ ವಾಪಸ್ ಮೇಲಕ್ಕೆ ಕಳಿಸುತ್ತೆ. ಬೀಳೋವಾಗಲೇ ನೀರು ಗಾಳಿ ಕುಡಿಯುತ್ತೆ. ಕೆಳಗೆ ಮೊದಲು ಒಂದು ಬಟ್ಟೆಯ ಚೀಲ, ಆಮೇಲೆ ಸ್ಕಿಮ್ಮರ್, ಆಮೇಲೆ ಸೆರಾಮಿಕ್ ರಿಂಗ್. ಆ ಚೀಲವನ್ನ ಮೂರ್ನಾಲ್ಕು ದಿನಕ್ಕೊಮ್ಮೆ ತೊಳೀಬೇಕು, ಇಲ್ಲಾಂದ್ರೆ ಹಿಡಿದ ಕಸ ಅಲ್ಲೇ ಕೊಳೆಯುತ್ತೆ. ಹಳೇ ಗಾಜಿನ ಟ್ಯಾಂಕ್ ಒಂದನ್ನ ಗಾಜಿನ ಅಂಗಡಿಯಲ್ಲಿ ಎರಡು ಅಡ್ಡಗೋಡೆ ಅಂಟಿಸಿಕೊಂಡ್ರೆ ಸಂಪ್ ರೆಡಿ, ಬ್ರ್ಯಾಂಡ್ ಬೇಕಾಗಿಲ್ಲ.

ಸ್ಕಿಮ್ಮರ್ ಏನು ಮಾಡುತ್ತೆ? ತೊಗರಿಬೇಳೆ ಬೇಯೋವಾಗ ಮೇಲೆ ನೊರೆ ಬರುತ್ತಲ್ಲ, ಅಮ್ಮ ಅದನ್ನ ಸೌಟಲ್ಲಿ ತೆಗೆದು ಚೆಲ್ತಾರಲ್ಲ, ಅದೇ ಕೆಲಸ. ಸಣ್ಣ ಸಣ್ಣ ಗುಳ್ಳೆಗಳನ್ನ ನೀರಿಗೆ ಬಿಡುತ್ತೆ, ಮೀನಿನ ಹೇಲು, ಉಳಿದ ಆಹಾರದ ಪ್ರೋಟೀನು ಆ ಗುಳ್ಳೆಗೆ ಅಂಟಿಕೊಂಡು ಮೇಲೆ ಬಂದು ಕಪ್ಪಲ್ಲಿ ಕಂದು ನೀರಾಗಿ ಸೇರುತ್ತೆ. ವಾಸನೆ ಬಗ್ಗೆ ಮಾತಾಡೋದು ಬೇಡ, ಊಟ ಮಾಡ್ತಾ ಕೇಳ್ತಾ ಇರೋರೂ ಇದ್ದಾರೆ. ಮುಖ್ಯ ಏನಂದ್ರೆ, ಉಳಿದ ಫಿಲ್ಟರ್‌ಗಳು ಕೊಳೆತಮೇಲೆ ಕೆಲಸ ಶುರು ಮಾಡ್ತವೆ, ಇದು ಕೊಳೆಯೋಕೆ ಮುಂಚೆನೇ ಹೊರಗೆ ಹಾಕುತ್ತೆ. ಇಡೀ ದಿನ ನೀರಿಗೆ ಗಾಳಿ ಬೆರೆಸೋದು ಅದರ ಜೊತೆಗೆ ಬರೋ ಲಾಭ. ಸಿಹಿನೀರಲ್ಲಿ ಗುಳ್ಳೆ ಅಷ್ಟು ಸಣ್ಣದಾಗಿ ನಿಲ್ಲಲ್ಲ, ಅದಕ್ಕೇ ಗೋಲ್ಡ್‌ಫಿಶ್ ಟ್ಯಾಂಕಿಗೆ ಇದು ಆಗಿಬರಲ್ಲ.

ಲೆಕ್ಕಕ್ಕೆ ಬರೋಣ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದ್ರೆ ಸುಮಾರು 190 ಲೀಟರ್. ಸಂಪಿನ ನೀರು ಸೇರಿಸಿದ್ರೆ 240. ಡಬ್ಬದ ಮೇಲೆ "250 ಲೀಟರ್‌ವರೆಗೆ" ಅಂತ ಬರೆದಿರೋ ಸ್ಕಿಮ್ಮರ್ ತಗೋಬೇಡಿ, 400–500 ಲೀಟರಿಂದು ತಗೊಳ್ಳಿ. ಕಂಪನಿಯವರ ಲೆಕ್ಕ ಯಾವಾಗಲೂ ಎರಡು ಮೀನಿರೋ ಟ್ಯಾಂಕಿಂದು. ಪಂಪೂ ಹಾಗೇ. ಗಂಟೆಗೆ 2000 ಲೀಟರ್ ಅಂತ ಬರೆದಿದ್ರೆ ಅದು ನೀರನ್ನ ಎತ್ತದೇ ಇದ್ದಾಗಿನ ಲೆಕ್ಕ. ನಾಲ್ಕಡಿ ಎತ್ತಿಸಿದ್ರೆ ಸಣ್ಣ ಪಂಪು ಅರ್ಧ ಕೊಟ್ರೂ ಪುಣ್ಯ. ನಮಗೆ ಆ ಅರ್ಧ, ಸಾವಿರ ಲೀಟರ್, ಸಾಕು. ಟ್ಯಾಂಕೊಳಗೆ ನೀರು ತಿರುಗಿಸೋಕೆ ಒಂದು ವೇವ್‌ಮೇಕರ್ ಹಾಕಿ.

ಕರೆಂಟ್ ಬಿಲ್ಲು? ಪಂಪು 35 ವ್ಯಾಟ್, ಸ್ಕಿಮ್ಮರ್ 15, ವೇವ್‌ಮೇಕರ್ 5 ಅಂತಿಟ್ಕೊಳ್ಳಿ. ಇಪ್ಪತ್ನಾಲ್ಕು ಗಂಟೆ ಓಡಿದ್ರೆ ತಿಂಗಳಿಗೆ ಸುಮಾರು 40 ಯೂನಿಟ್. ಮನೆ ಗೃಹಜ್ಯೋತಿಯಲ್ಲಿದ್ರೆ ಇದನ್ನ ಅಪ್ಪ ಅಮ್ಮಂಗೆ ಮೊದಲೇ ಹೇಳಿ. ನಿಮ್ಮ ಮನೆಗೆ ಗೊತ್ತುಮಾಡಿರೋ ಯೂನಿಟ್ ದಾಟಿದ್ರೆ ಹೆಚ್ಚುವರಿಗೆ ದುಡ್ಡು ಕಟ್ಟಬೇಕು, ಒಟ್ಟು 200 ದಾಟಿದ್ರೆ ಪೂರ್ತಿ ಬಿಲ್ಲು. ಮೀನು ಸತ್ತಿದ್ದಕ್ಕಿಂತ ಸೊನ್ನೆ ಬಿಲ್ಲು ಹೋಗಿದ್ದಕ್ಕೆ ಟ್ಯಾಂಕ್ ಗುಜರಿಗೆ ಹೋಗೋ ಸಾಧ್ಯತೆ ಜಾಸ್ತಿ!

ಕರೆಂಟ್ ಹೋದಾಗ ಎಲ್ಲವೂ ಓಡಬೇಕಾಗಿಲ್ಲ, ನೀರು ಕದಲ್ತಾ ಇರಬೇಕು ಅಷ್ಟೆ. ಮನೆಯ ಯುಪಿಎಸ್ ಲೈನಿಗೆ ವೇವ್‌ಮೇಕರ್ ಮತ್ತು ಒಂದು ಏರ್ ಪಂಪ್ ಹಾಕಿ, ಎರಡೂ ಸೇರಿ ಹತ್ತು ವ್ಯಾಟ್ ಆಗಲ್ಲ. ಯುಪಿಎಸ್ ಇಲ್ಲದ ಬಾಡಿಗೆ ಮನೆಯಾದ್ರೆ ಬ್ಯಾಟರಿ ಏರ್ ಪಂಪ್ ಸಿಗುತ್ತೆ. ಯುವಿಗೆ ಇಟ್ಟಿರೋ ದುಡ್ಡಲ್ಲಿ ಅದನ್ನ ತಗೊಳ್ಳಿ. ಯುವಿ ಫಿಲ್ಟರ್ ಅಲ್ಲ. ಅದರ ಮುಂದೆ ಹಾದುಹೋಗೋ ಪರಾವಲಂಬಿ ಜೀವಿಗಳನ್ನ ಸಾಯಿಸುತ್ತೆ, ಮೀನಿನ ಮೈಮೇಲೆ, ಮರಳಲ್ಲಿ ಕೂತಿರೋದನ್ನ ಮುಟ್ಟೋದೇ ಇಲ್ಲ. ರೋಗಕ್ಕೆ ನಿಜವಾದ ಉಪಾಯ, ಹೊಸ ಮೀನನ್ನ ಬೇರೆ ಸಣ್ಣ ಟ್ಯಾಂಕಲ್ಲಿ, ಒಂದು ಸ್ಪಂಜ್ ಫಿಲ್ಟರ್ ಹಾಕಿ, ಮೂರ್ನಾಲ್ಕು ವಾರ ಇಟ್ಟು ನೋಡೋದು.

ನೀರಿನ ಬಗ್ಗೆ ಎರಡೇ ಮಾತು. ನಲ್ಲಿಯ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬೋರ್‌ವೆಲ್ ನೀರು ಗಡಸು, ಹಾಗಾಗಿ ಆರ್‌ಒ ನೀರು. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಉಪ್ಪು, ಅಕ್ವೇರಿಯಂಗೆ ಅಂತಲೇ ಮಾಡಿದ್ದು. ಅಡುಗೆ ಉಪ್ಪಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಇರಲ್ಲ. ವಾರಕ್ಕೆ ಹತ್ತು ಪರ್ಸೆಂಟ್ ಬದಲಾಯಿಸಿದ್ರೆ ಹೆಚ್ಚುಕಮ್ಮಿ ಮುಕ್ಕಾಲು ಕೆಜಿ ಉಪ್ಪು, ಇದೂ ತಿಂಗಳ ಖರ್ಚಲ್ಲಿ ಬರ್ಕೊಳ್ಳಿ. ಆವಿಯಾಗಿದ್ದಕ್ಕೆ ಮಾತ್ರ ಬರೀ ಆರ್‌ಒ ನೀರು ಹಾಕಿ, ಉಪ್ಪು ಆವಿಯಾಗಲ್ಲ. ಪಣಂಬೂರಿಂದ ಕ್ಯಾನಲ್ಲಿ ತರಬಹುದಾ ಅಂತ ಪ್ರತಿ ಸಲ ಯಾರಾದ್ರೂ ಕೇಳ್ತಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಸೇರಿ ಅಲ್ಲಿನ ಉಪ್ಪೇ ಇಳಿದಿರುತ್ತೆ. ಅದೂ ಅಲ್ದೆ ಮಡಿಕೇರಿ ಘಾಟಲ್ಲಿ ಇನ್ನೂರು ಕೆಜಿ ನೀರು ಹತ್ತಿಸೋದು ಯಾವ ಸುಖಕ್ಕೆ?

ಈಗ ಆ ಮೂವತ್ತು ಸಾವಿರ. ದುಡ್ಡು ಸಾಲಲ್ಲ ಅಂತ ಸ್ಕಿಮ್ಮರ್ ಬಿಡಬೇಡ ತಮ್ಮ, ಮೀನಿನ ಸಂಖ್ಯೆ ಕಡಿಮೆ ಮಾಡು. ಲಯನ್‌ಫಿಶ್, ಟ್ರಿಗರ್ ನೋಡೋಕೆ ಚೆಂದ, ಆದ್ರೆ ದೊಡ್ಡದಾಗಿ ಬೆಳೀತವೆ, ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ. ಎರಡು ಕ್ಲೌನ್‌ಫಿಶ್, ಒಂದು ಗೋಬಿ, ಮೊದಲ ವರ್ಷಕ್ಕೆ ಸಾಕು. ಸಿಹಿನೀರಿನ ಅಲಂಕಾರದ ಮೀನು ಹೆಚ್ಚಿನವು ಸಾಕಣೆಯವು, ಸಮುದ್ರದವು ಹೆಚ್ಚಿನವು ಕಡಲಿಂದ ಹಿಡಿದು ತಂದವು. ನಿನ್ನ ಟ್ಯಾಂಕಲ್ಲಿ ಒಂದು ಸತ್ರೆ ಇನ್ನೊಂದು ಅಲ್ಲಿಂದಲೇ ಬರಬೇಕು. ಕ್ಲೌನ್‌ಫಿಶ್ ಹಾಗಲ್ಲ. ಅದನ್ನ ಹ್ಯಾಚರಿಯಲ್ಲಿ ಮರಿ ಮಾಡಿಸೋ ವಿಧಾನವನ್ನ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಅಂಗಡಿಯಲ್ಲಿ "ಇದು ಹ್ಯಾಚರಿದಾ?" ಅಂತ ಕೇಳು. ಗೊತ್ತಿಲ್ಲ ಅಂದ್ರೆ ಇನ್ನೊಂದು ಅಂಗಡಿ ನೋಡು.

ಕೊನೇದಾಗಿ ಒಂದು ಪರೀಕ್ಷೆ, ಉಪ್ಪು ಹಾಕೋಕೆ ಮುಂಚೆ. ಬರೀ ನೀರು ತುಂಬಿಸಿ ಎಲ್ಲ ಓಡಿಸಿ, ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ. ಪೈಪಲ್ಲಿರೋದು, ಮೇಲಿನ ಟ್ಯಾಂಕಿನ ಒಂದಿಂಚಿನಷ್ಟು ನೀರು ಕೆಳಗಿಳಿಯುತ್ತೆ. ಒಂದಿಂಚು ಅಂದ್ರೆ ಹತ್ತು ಲೀಟರ್ ಮೇಲೆ. ಸಂಪಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ನೆಲ ಒದ್ದೆಯಾದ್ರೆ ಪಂಪಿನ ಪೈಪಿನ ಬಾಯನ್ನ ನೀರಿನ ಮಟ್ಟಕ್ಕೆ ಇನ್ನೂ ಹತ್ತಿರ ತಂದು ಮತ್ತೊಮ್ಮೆ ಆಫ್ ಮಾಡಿ ನೋಡಿ. ಅಮ್ಮ ಮನೇಲಿಲ್ಲದ ಹೊತ್ತಲ್ಲಿ ಮಾಡಿ. ಅಮೋನಿಯಾ ರೀಡಿಂಗ್ ಫೋಟೋ ವಾಟ್ಸ್‌ಆ್ಯಪ್ ಮಾಡಿ, ನೋಡ್ತೀನಿ.