ಹಿಂಡಲಗಾದ ಗೋಡೆಯ ಆಚೆ, ಈಚೆ



ಬೆಳಗಾವಿ ಸೀಮೆಯಲ್ಲಿ ಜೈಲು ಎಂಬ ಮಾತೇ ಬೇಕಾಗುವುದಿಲ್ಲ. ‘ಅಂವಾ ಹಿಂಡಲಗಾದಾಗ ಅದಾನ’ ಅಂದರೆ ಮುಗಿಯಿತು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಹಾಗೆ ನೋಡಿದರೆ ಹಿಂಡಲಗಾ ವೆಂಗುರ್ಲಾ ರಸ್ತೆಯ ಮೇಲಿನ ಒಂದು ಊರು. ಬ್ರಿಟಿಷರ ಕಾಲದ ಕೇಂದ್ರ ಕಾರಾಗೃಹ ಅಲ್ಲಿದೆ ಎಂಬ ಒಂದೇ ಕಾರಣಕ್ಕೆ ಇಡೀ ಊರಿಗೆ ಜೈಲಿನ ಹೆಸರು ಅಂಟಿಕೊಂಡಿದೆ. ಕರ್ನಾಟಕದಲ್ಲಿ ಗಲ್ಲಿಗೇರಿಸುವ ವ್ಯವಸ್ಥೆ ಇರುವ ಜೈಲು ಇದು. ಕೊನೆಯದಾಗಿ ಇಲ್ಲಿ ಗಲ್ಲಿಗೇರಿಸಿದ್ದು 1983ರಲ್ಲಿ. ಇತ್ತ ಖಾನಾಪುರ ತಾಲೂಕಿನ ನಂದಗಡದಲ್ಲಿ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಕಂಪನಿ ಸರ್ಕಾರ ಅಪರಾಧಿ ಎಂದವನ ಸಮಾಧಿಗೆ ಇವತ್ತು ಜನ ಹರಕೆ ಹೊತ್ತು ಹೋಗುತ್ತಾರೆ. ಕಚೇರಿಯ ತೀರ್ಪೂ ಜನರ ತೀರ್ಪೂ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದು ಈ ಸೀಮೆಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಇವತ್ತು ನಾನು ಹೇಳಹೊರಟಿದ್ದು ಅಷ್ಟು ದೊಡ್ಡ ಪ್ರಕರಣಗಳ ವಿಷಯವಲ್ಲ. ಖಾನಾಪುರದ ನ್ಯಾಯಾಲಯಕ್ಕೆ ದಿನವೂ ಬರುವಂಥ ಒಂದು ಮೊಕದ್ದಮೆಯನ್ನು ಕಲ್ಪಿಸಿಕೊಳ್ಳಿ. ಇಟಗಿ ಕಡೆಯ ಇಬ್ಬರು ರೈತರು. ಹೊಲದ ಬದುವಿನ ತಕರಾರು, ಅಪ್ಪಂದಿರ ಕಾಲದಿಂದ ಬಂದದ್ದು. ಒಂದು ಮುಂಜಾನೆ ಮಾತಿಗೆ ಮಾತು ಬೆಳೆಯಿತು, ಒಬ್ಬ ಬಡಿಗೆ ಎತ್ತಿದ, ಇನ್ನೊಬ್ಬನ ಕೈ ಮುರಿಯಿತು. ಪೊಲೀಸರು ಬಂದರು, ಹೊಡೆದವನನ್ನು ಹಿಂಡಲಗಾಕ್ಕೆ ಕಳಿಸಿದರು. ಕಾಗದದ ಮೇಲೆ ಈಗ ಅದು ಸರ್ಕಾರ ಮತ್ತು ಆರೋಪಿಯ ನಡುವಿನ ವ್ಯಾಜ್ಯ. ಕೈ ಮುರಿಸಿಕೊಂಡವನು? ಅವನೊಬ್ಬ ಸಾಕ್ಷಿ. ಸಮನ್ಸ್ ಬಂದ ದಿನ ಹೋಗಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಎದ್ದು ಬರಬೇಕು. ಆ ಹಂಗಾಮಿನ ಬಿತ್ತನೆ ಯಾರು ಮಾಡಿದರು, ದವಾಖಾನೆಯ ಸಾಲ ಎಷ್ಟಾಯಿತು, ನಾಳೆ ಅದೇ ಬದುವಿನ ಮೇಲೆ ಹೋಗಲು ಹೆದರಿಕೆ ಆಗುವುದಿಲ್ಲವೇ ಎಂದು ಕಟಕಟೆಯಲ್ಲಿ ಅವನನ್ನು ಯಾರೂ ಕೇಳುವುದಿಲ್ಲ.

ಇನ್ನು ಹೊಡೆದವನ ಮನೆ ಕಡೆ ಬನ್ನಿ. ಅವನ ಹೆಂಡತಿ ಮುಲಾಖತ್ತಿಗೆಂದು ಕೂಲಿ ಬಿಟ್ಟು ಖಾನಾಪುರಕ್ಕೆ ಬಂದು, ಅಲ್ಲಿಂದ ಬೆಳಗಾವಿ ಬಸ್ ಹಿಡಿದು, ಮತ್ತೆ ಹಿಂಡಲಗಾ ತಲುಪಬೇಕು. ವಕೀಲರಿಗೆ ಕೊಡಲು ಬಂಗಾರ ಒತ್ತೆ ಬಿದ್ದಿರುತ್ತದೆ. ಮಗ ಶಾಲೆಯಲ್ಲಿ ಯಾರ ಜೊತೆಗೂ ಮಾತಾಡುತ್ತಿರುವುದಿಲ್ಲ. ಆ ಹೆಂಗಸು ಯಾರಿಗೂ ಹೊಡೆದಿಲ್ಲ, ಆ ಹುಡುಗ ಯಾವ ಕಲಮಿನಲ್ಲೂ ಇಲ್ಲ. ಆದರೂ ಶಿಕ್ಷೆ ಮೊದಲು ಶುರುವಾಗುವುದು ಅವರಿಗೇ. ಮೇಲಾಗಿ ಗೋಡೆಯ ಆಚೆ ಇರುವವರಲ್ಲಿ ಹೆಚ್ಚಿನವರ ಮೇಲೆ ಅಪರಾಧ ಇನ್ನೂ ಸಾಬೀತಾಗಿಯೇ ಇಲ್ಲ. 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ ಸುಮಾರು 5 ಲಕ್ಷ 73 ಸಾವಿರ ಜನರಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣಾಧೀನ ಕೈದಿಗಳು. ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು.

ನೊಂದವರಿಗೆ ಏನು ಬೇಕು, ಅದನ್ನು ಸರಿಪಡಿಸುವ ಹೊಣೆ ಯಾರದು, ಊರು ಆ ಹೊಣೆಯಲ್ಲಿ ಎಷ್ಟು ಪಾಲು ಹೊರಬೇಕು? ಈ ಪ್ರಶ್ನೆಗಳಿಂದ ಹೊರಡುವ ನ್ಯಾಯದ ರೀತಿಯನ್ನು ಪುನಃಸ್ಥಾಪನ ನ್ಯಾಯ ಎನ್ನುತ್ತಾರೆ. ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1977ರಲ್ಲಿ ಒಂದು ಖಾರವಾದ ವಾದ ಮುಂದಿಟ್ಟರು. ಜಗಳ ಎಂಬುದು ಜಗಳವಾಡಿದವರ ಆಸ್ತಿ, ಅದನ್ನು ಸರ್ಕಾರವೂ ವಕೀಲರೂ ಅವರ ಕೈಯಿಂದ ಕಸಿದುಕೊಂಡಿದ್ದಾರೆ ಎಂದು. ಅದಕ್ಕೂ ಮೂರು ವರ್ಷ ಮೊದಲು, 1974ರಲ್ಲಿ, ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ ಇಪ್ಪತ್ತೆರಡು ಕಡೆ ಕಿಟಕಿ ಒಡೆದು, ವಾಹನಗಳನ್ನು ಕೆಡಿಸಿ ಹಾಕಿದ್ದರು. ಅವರ ಮೇಲ್ವಿಚಾರಣೆ ಹೊತ್ತಿದ್ದ ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ನ್ಯಾಯಾಧೀಶರಿಗೆ ಒಂದು ಸಲಹೆ ಕೊಟ್ಟರು: ಇವರು ಹಾಳು ಮಾಡಿದ ಮನೆಗಳಿಗೆ ಇವರೇ ಹೋಗಲಿ. ನ್ಯಾಯಾಧೀಶರು ಒಪ್ಪಿದರು. ಹುಡುಗರು ಒಂದೊಂದೇ ಬಾಗಿಲು ತಟ್ಟಿ, ಮಾಡಿದ್ದು ನಾವೇ ಎಂದು ಹೇಳಿ, ಆದ ನಷ್ಟವನ್ನು ಕೇಳಿ ತಿಳಿದು, ಕೆಲವೇ ತಿಂಗಳಲ್ಲಿ ಪರಿಹಾರ ಕೊಟ್ಟು ಮುಗಿಸಿದರು. ಕಂಬಿಯ ಹಿಂದೆ ಆರು ತಿಂಗಳು ಕೂರುವುದಕ್ಕಿಂತ ಆ ಬಾಗಿಲು ತಟ್ಟುವುದು ಕಷ್ಟ ಎಂದೇ ನನ್ನ ಅನಿಸಿಕೆ. 1989ರಲ್ಲಿ ನ್ಯೂಜಿಲೆಂಡ್ ದೇಶವು ಮಾವೊರಿ ಜನರ ಕುಟುಂಬ ಸಭೆಯ ಪದ್ಧತಿಯಿಂದ ಕಲಿತು, ಅಪ್ರಾಪ್ತರ ಅಪರಾಧಗಳಿಗೆ ಇಂಥದ್ದೇ ದಾರಿಯನ್ನು ಕಾನೂನಿನಲ್ಲೇ ತಂದಿತು.

ಇಷ್ಟು ಹೇಳುವಷ್ಟರಲ್ಲಿ ನಿಮ್ಮಲ್ಲಿ ಹಿರಿಯರು ‘ಇದೇನು ಹೊಸದಲ್ಲ, ನಮ್ಮಲ್ಲಿ ಪಂಚರು ಕಟ್ಟೆ ಮೇಲೆ ಕೂತು ಮಾಡುತ್ತಿದ್ದದ್ದು ಇದನ್ನೇ’ ಅಂದಿರಬೇಕು. ಅರ್ಧ ನಿಜ. ಉಳಿದ ಅರ್ಧ ಏನೆಂದರೆ, ಆ ಕಟ್ಟೆಯ ಮೇಲೆ ಹೆಂಗಸರು ಕೂರುತ್ತಿರಲಿಲ್ಲ, ಕೇರಿಯವರು ಕೂರುತ್ತಿರಲಿಲ್ಲ. ಹೊಲ ಇದ್ದವನಿಗೂ ಅವನ ಹೊಲದಲ್ಲಿ ದುಡಿಯುವವನಿಗೂ ರಾಜಿ ಮಾಡಿಸಿದರೆ ಬಗ್ಗುವ ತಲೆ ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ನೊಂದವರ ಮನಸ್ಸಿನ ಒಪ್ಪಿಗೆ ಇಲ್ಲದೆ ಆದ ರಾಜಿ ಎರಡನೆಯ ಪೆಟ್ಟೇ ಸರಿ. ನ್ಯಾಯಾಲಯಗಳೂ ಇದರಲ್ಲಿ ಎಡವಿದ್ದುಂಟು. 2020ರಲ್ಲಿ ಮಧ್ಯಪ್ರದೇಶದ ಹೈಕೋರ್ಟ್ ಲೈಂಗಿಕ ದೌರ್ಜನ್ಯದ ಆರೋಪಿಗೆ ಜಾಮೀನು ಕೊಡುವಾಗ, ಆ ಹೆಣ್ಣುಮಗಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತು ಹಾಕಿತ್ತು. 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅತ್ಯಾಚಾರದ ಪ್ರಕರಣದಲ್ಲಿ ರಾಜಿಯ ಮಾತೇ ಇಲ್ಲ ಎಂದು ಅದೇ ಕೋರ್ಟ್ 2015ರಲ್ಲೇ ಹೇಳಿತ್ತು.

ಇನ್ನು ಊರಿನ ಹೊಣೆಯ ಮಾತು. ನಮ್ಮ ಬೆಳಗಾವಿ ತಾಲೂಕಿನ ಒಂದು ಹಳ್ಳಿಯಲ್ಲಿ 2023ರ ಡಿಸೆಂಬರ್‌ನಲ್ಲಿ ಒಬ್ಬ ತಾಯಿಯ ಮೇಲೆ ನಡೆದ ಅಮಾನುಷ ಕೃತ್ಯ ನಿಮಗೆ ನೆನಪಿದೆ. ಹೈಕೋರ್ಟ್ ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಂಡಿತು. ಅಪರಾಧ ಮಾಡಿದವರ ಬಗ್ಗೆ ಮಾತ್ರವಲ್ಲ, ಕೈಕಟ್ಟಿ ನೋಡುತ್ತ ನಿಂತವರ ಹೊಣೆ ಏನು ಎಂದೂ ಕೇಳಿತು. ಇಡೀ ಊರಿನ ಮೇಲೆ ದಂಡ ಹಾಕುವ ಹಳೆಯ ಪುಂಡಗಂದಾಯದ ಪ್ರಸ್ತಾಪವೂ ಅಲ್ಲಿ ಬಂತು. ದಂಡದ ಮಾತು ಬದಿಗಿರಲಿ, ಊರಿಗೆ ಹೊಣೆ ಇದೆ ಎಂಬ ಮಾತು ಬಹಳ ದೊಡ್ಡದು. ಆ ತಾಯಿ ಮತ್ತೆ ಅದೇ ಓಣಿಯಲ್ಲಿ ತಲೆಯೆತ್ತಿ ಓಡಾಡುವಂತೆ ಆಗಬೇಕಾದರೆ ಆರೋಪಿಗಳು ಜೈಲಿಗೆ ಹೋಗುವುದೊಂದೇ ಸಾಲದು.

ಹಾಗಾದರೆ ನಮ್ಮ ಕಾನೂನಿನಲ್ಲಿ ಪುನಃಸ್ಥಾಪನ ನ್ಯಾಯಕ್ಕೆ ಜಾಗ ಎಲ್ಲಿದೆ? ಇದೆ, ಬಳಸುವುದು ಕಡಿಮೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನೇ ನೋಡಿ. ಯೋಗ್ಯ ಪ್ರಕರಣಗಳಲ್ಲಿ ಅಪರಾಧಿಯನ್ನು ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಬಿಡುವಾಗಲೇ ನೊಂದವರಿಗೆ ಪರಿಹಾರ ಕೊಡು ಎಂದು ಆದೇಶಿಸಲು ಅದರ 5ನೇ ಕಲಮಿನಲ್ಲಿ ಅವಕಾಶವಿದೆ. ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದಿಂದ ಬರುವ ಅನರ್ಹತೆ ಅಂಟುವುದಿಲ್ಲ ಎನ್ನುತ್ತದೆ 12ನೇ ಕಲಮು. ನಮ್ಮ ಬದುವಿನ ಜಗಳದಂಥ ಪ್ರಕರಣಕ್ಕೆ ಇದಕ್ಕಿಂತ ಹೊಂದುವ ಕಾನೂನು ಬೇರೆ ಬೇಕೆ? ಪೆಟ್ಟು ತಿಂದವರು ಒಪ್ಪಿದರೆ ರಾಜಿಯಾಗಬಹುದಾದ ಅಪರಾಧಗಳ ಪಟ್ಟಿಯೂ ಕಾನೂನಿನಲ್ಲೇ ಇದೆ, ಕೆಲವಕ್ಕೆ ನ್ಯಾಯಾಲಯದ ಅನುಮತಿಯೂ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ ಸಮುದಾಯ ಸೇವೆ ಎಂಬ ಶಿಕ್ಷೆ ಸೇರಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ.

ಗೋಡೆಯ ಆಚೆಯ ದುಡಿಮೆಯನ್ನೂ ಗೋಡೆಯ ಈಚೆಯ ನಷ್ಟವನ್ನೂ ಜೋಡಿಸುವ ಒಂದು ಎಳೆಯನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಹಿಡಿದಿತ್ತು. ಗುಜರಾತಿನ ಪ್ರಕರಣ ಅದು. ಕೈದಿಗಳಿಗೆ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲೊಂದು ಪಾಲು ಅವರ ಅಪರಾಧದಿಂದ ನೊಂದವರಿಗೆ ಸಲ್ಲುವಂತೆ ಸರ್ಕಾರಗಳು ಕಾನೂನು ಮಾಡಬೇಕು ಎಂದು ನ್ಯಾಯಮೂರ್ತಿ ಕೆ.ಟಿ. ಥಾಮಸ್ ಬರೆದರು. ಈಚೆಗೆ ಕರ್ನಾಟಕದಲ್ಲಿ ಶಿಕ್ಷೆಯಾದ ಕೈದಿಗಳ ದಿನಗೂಲಿ ಐನೂರು ರೂಪಾಯಿ ದಾಟಿದೆ. ಆ ದುಡ್ಡಿನಲ್ಲಿ ಮನೆಗೆ ಕಳಿಸುವ ಪಾಲೂ ನೊಂದವರ ಪಾಲೂ ಇದ್ದರೆ, ಜೈಲಿನ ಮಗ್ಗದ ಮುಂದೆ ಕೂತವನ ಕೆಲಸಕ್ಕೆ ಬೇರೆಯೇ ಅರ್ಥ ಬರುತ್ತದೆ.

ಕೈದಿಯನ್ನು ನಂಬಿದರೆ ಕೆಡುತ್ತೇವೆ ಎನ್ನುವವರಿಗೆ ಹೇಳಲು ನಮ್ಮ ನೆರೆಯಲ್ಲೇ ಒಂದು ಸಂಗತಿ ಇದೆ. ಔಂಧ ಸಂಸ್ಥಾನ ಗೊತ್ತಲ್ಲ, ಅದರ ಗುಣದಾಳ ಭಾಗ ನಮ್ಮ ವಿಜಯಪುರ ಜಿಲ್ಲೆಯೊಳಗೇ ಇತ್ತು. ಅಲ್ಲಿಯ ರಾಜ ಭವಾನರಾವ್ ಪಂತ ಪ್ರತಿನಿಧಿ, ಗಾಂಧೀಜಿಯ ಪ್ರಭಾವಕ್ಕೆ ಒಳಗಾಗಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಸೇರಿ, ಈಗಿನ ಸಾಂಗಲಿ ಜಿಲ್ಲೆಯ ಆಟಪಾಡಿ ಹತ್ತಿರ 1939ರ ಹೊತ್ತಿಗೆ ಸ್ವತಂತ್ರಪುರ ಎಂಬ ಬಯಲು ಬಂದೀಖಾನೆ ಆರಂಭಿಸಿದರು. ಶಿಕ್ಷೆಯಾದವರು ಅಲ್ಲಿ ಬೀಡು ನೆಲವನ್ನು ಹಸನು ಮಾಡಿ ಬೆಳೆ ತೆಗೆದರು, ಹೆಂಡತಿ ಮಕ್ಕಳೊಂದಿಗೆ ಬಾಳಿದರು. ವಿ. ಶಾಂತಾರಾಮ್ 1957ರಲ್ಲಿ ತೆಗೆದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಈ ಪ್ರಯೋಗವೇ ಮೂಲ. ಸಿನಿಮಾ ನೋಡಿದವರು ಅದನ್ನು ಕಥೆ ಎಂದುಕೊಂಡರು. ಇತ್ತ ಕರ್ನಾಟಕದಲ್ಲಿ ದೇವನಹಳ್ಳಿ ಬಳಿಯ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ 1990ರ ದಶಕದ ಕೊನೆಯಿಂದ ಜೈಲುಗಳ ಒಳಗೆ ನಾಟಕ ಕಟ್ಟಿ, ಕೈದಿಗಳನ್ನು ಹೊರಗಿನ ರಂಗಮಂದಿರಗಳಿಗೆ ಕರೆತಂದು ಕಾರ್ನಾಡರ ‘ತಲೆದಂಡ’ ಆಡಿಸಿದರು. ಬೆಳಗಾವಿ ವಿಭಾಗಕ್ಕೂ ಒಂದು ಬಯಲು ಬಂದೀಖಾನೆ ಬೇಕು. ಮುಲಾಖತ್ತಿನ ಜಾಲರಿಯ ಆಚೆ ಈಚೆ ಕೂಗಿ ಮಾತಾಡಿ ಯಾವ ಸಂಸಾರವೂ ಉಳಿಯುವುದಿಲ್ಲ.

ಈಗ ಕೇಳುಗರಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ನಿಮ್ಮ ಮನೆಯವರು ಹಿಂಡಲಗಾದಲ್ಲಿ ವಿಚಾರಣಾಧೀನರಾಗಿದ್ದು, ಹಿಂದೆ ಯಾವ ಅಪರಾಧಕ್ಕೂ ಅವರಿಗೆ ಶಿಕ್ಷೆ ಆಗಿರದಿದ್ದರೆ, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದ ಮೇಲೆ ಅವರನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಆ ಹೊಸ ಸಂಹಿತೆಗಳಲ್ಲೊಂದಾದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವರಿಗೂ ಸಿಗುವುದಿಲ್ಲ. ನೀವು ಪೆಟ್ಟು ತಿಂದವರಾಗಿದ್ದರೆ, ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು ತೊಂಬತ್ತು ದಿನದೊಳಗೆ ನಿಮಗೆ ತಿಳಿಸಬೇಕು. ಅಪರಾಧಿ ಸಿಗದೇ ಹೋದರೂ ಅದೇ ಸಂಹಿತೆಯ 396ನೇ ಕಲಮಿನಡಿ ಪರಿಹಾರ ಕೇಳಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಖಾನಾಪುರದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುವುದು ಇದಕ್ಕಾಗಿಯೇ. ಅಲ್ಲಿಗೆ ಹೋಗಲಾಗದಿದ್ದರೆ 15100 ಸಂಖ್ಯೆಗೆ ಕರೆ ಮಾಡಿ. ಬಂಗಾರ ಒತ್ತೆ ಇಡುವ ಮೊದಲೇ ಮಾಡಿ.