ಸಮತಾ ಟಾನಿಕ್



ಬಾಗಿಲ ಬಳಿ ನಾನು ಅಂಟಿಸಿದ ಚಿತ್ರ ನೋಡಿ ಹಲವರು ನಕ್ಕಿರಿ. ಹಿರಿಯರೊಬ್ಬರು "ಇದು ಎಲ್ಲಿ ಸಿಗತದಪಾ?" ಎಂದೂ ಕೇಳಿದರು. ಹಳೆಯ ಔಷಧಿ ಜಾಹೀರಾತಿನಂತೆ ಮಾಡಿದ ಚಿತ್ರವದು: ಮೀಸೆಯ ವೈದ್ಯ, ಕೈಯಲ್ಲಿ ಬಾಟಲಿ. 'ಸಮತಾ ಟಾನಿಕ್! ಮೇಲು-ಕೀಳು ಒಂದೇ ಡೋಸಿಗೆ ಮಾಯ! ಸೇವಿಸುವ ಕ್ರಮ: ಎಲ್ಲರೂ ಒಂದೇ ಥರದ ಲೋಟದಲ್ಲಿ.'

ಬೈಲಹೊಂಗಲದಿಂದ ಕಿತ್ತೂರಿಗೆ, ಸವದತ್ತಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಗೋಡೆ ಜಾಹೀರಾತು ಓದುತ್ತ ಬೆಳೆದವ ನಾನು. ಅಸ್ಪೃಶ್ಯತೆಯನ್ನು 1950ರಲ್ಲಿ ಸಂವಿಧಾನದ 17ನೇ ವಿಧಿ ರದ್ದು ಮಾಡಿತು. ಪವಾಡದ ಮದ್ದಿನ ಜಾಹೀರಾತಿಗೆ 1954ರಲ್ಲಿ ಕಾನೂನು ತಡೆ ಹಾಕಿತು. ಕಾಗದದಲ್ಲಿ ಎರಡೂ ಹೋದವು. ಊರಲ್ಲಿ ಎರಡೂ ಉಳಿದವು.

ಒಂಬತ್ತನೇ ತರಗತಿಯಲ್ಲಿದ್ದಾಗ ಚಹಾದಂಗಡಿಯೊಂದರಲ್ಲಿ ನನಗೆ ಸ್ಟೀಲ್ ಲೋಟ ಕೊಟ್ಟರು. ನನ್ನ ಬೆಂಚಿನ ಗೆಳೆಯನಿಗೆ ಹೊರಗಿಟ್ಟಿದ್ದ ಬೇರೆ ಲೋಟ. ಕುಡಿದು ಅವನೇ ತೊಳೆದಿಟ್ಟ. ನಾನು ಬಾಯಿ ಬಿಡಲಿಲ್ಲ, ಚಹಾ ಮುಗಿಸಿದೆ.

ಇವತ್ತು ಕಂಪ್ಯೂಟರಿನ ತಪ್ಪು ತಿದ್ದುವುದೇ ನನ್ನ ಹೊಟ್ಟೆಪಾಡು. ಅಂದಿನ ನನ್ನ ತಪ್ಪನ್ನು ಮಾತ್ರ ಚಿತ್ರ ಬರೆದು ತಿದ್ದಲಾಗದು. ಆ ಗೆಳೆಯ ಇಲ್ಲೇ ಎರಡನೇ ಸಾಲಿನಲ್ಲಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳಿದೆ. ಸಭೆ ಮುಗಿದ ಮೇಲೆ ನಾವಿಬ್ಬರೂ ಚಹಾಕ್ಕೆ ಹೊರಟಿದ್ದೇವೆ. ಟಾನಿಕ್ ಕೇಳಿದ ಹಿರಿಯರೂ ಜೊತೆಗೆ ಬರಬೇಕು.